ಚಪ್ಪಲಿ ಕಾದವರು

"ಈ ವಯಸ್ಸಿನಲ್ಲಿ ನಿಮಗೆ ದ್ವೀಪ ಯಾಕೆ ಬೇಕಿತ್ತು ಟೀಚರ್?"

ನಮ್ಮ ಬೀದಿಯ ಹಿರಿಯರೊಬ್ಬರು ಹೀಗೆ ಕೇಳಿದಾಗ ನಾನು ನಕ್ಕು ಸುಮ್ಮನಾದೆ. 2024ರ ಫೆಬ್ರವರಿಯಲ್ಲಿ ನಾನೂ ನಮ್ಮ ಮನೆಯವರೂ ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ, ಮಾರನೆಯ ದಿನ ಮುರುಡೇಶ್ವರದಿಂದ ನೇತ್ರಾಣಿಯವರೆಗೆ ದೋಣಿಯಲ್ಲಿ ಹೋಗಿಬಂದ ಸುದ್ದಿ ಕೆರೆಬಿಳಚಿಯ ಹಾಲಿನ ಡೇರಿಯ ಮುಂದೆ ಎರಡು ದಿನ ಓಡಾಡಿತ್ತು. ಅದೇ ನಾವು ಧರ್ಮಸ್ಥಳಕ್ಕೆ ಹೋಗಿದ್ದರೆ ಯಾರೂ ಏನೂ ಕೇಳುತ್ತಿರಲಿಲ್ಲ. ಪ್ರಸಾದ ಹಂಚಿದ್ದರೆ ಸಾಕಿತ್ತು. ಐವತ್ತು ದಾಟಿದ ಹೆಂಗಸು ಊರು ಬಿಟ್ಟು ಹೊರಡಬೇಕಾದರೆ ಒಂದೋ ದೇವರು ಕರೆಯಬೇಕು, ಇಲ್ಲವೇ ಮಗಳ ಬಾಣಂತನ ಕರೆಯಬೇಕು. ಸಮುದ್ರ ಕರೆಯಿತು ಎಂದರೆ ತಲೆ ಕೆಟ್ಟಿದೆ ಎನ್ನುತ್ತಾರೆ.

ಆದರೆ ಈ ಮಾತಿಗೆ ಬರೀ ಆ ಹಿರಿಯರನ್ನು ಬೈದು ಕೂರಲು ನನಗೆ ಹಕ್ಕಿಲ್ಲ. ಯಾಕೆಂದು ಹೇಳುತ್ತೇನೆ.

2004ರಲ್ಲಿ ನಾನಾಗ ಇದ್ದ ಶಾಲೆಯಿಂದ ಉಡುಪಿ ಕಡೆಗೆ ಪ್ರವಾಸ ಹೋಗಿದ್ದೆವು. ಮಲ್ಪೆಯಲ್ಲಿ ಗಂಡುಮಕ್ಕಳನ್ನೆಲ್ಲ ಮೇಷ್ಟ್ರುಗಳು ದೋಣಿ ಹತ್ತಿಸಿ ದ್ವೀಪಕ್ಕೆ ಕರೆದುಕೊಂಡು ಹೋದರು. ಹದಿನಾಲ್ಕು ಜನ ಹೆಣ್ಣುಮಕ್ಕಳು ದಡದಲ್ಲೇ ಉಳಿದರು. ಉಳಿಸಿದವಳು ನಾನೇ. "ಹೆಣ್ಣುಮಕ್ಕಳ ಜವಾಬ್ದಾರಿ ನನ್ನದು, ನಾನು ಕಳಿಸುವುದಿಲ್ಲ" ಎಂದು ಹೆಡ್‌ಮಾಸ್ಟರಿಗೆ ಜೋರಾಗಿಯೇ ಹೇಳಿದ್ದೆ. ಗಂಡುಮಕ್ಕಳು ಬಿಟ್ಟುಹೋದ ಚಪ್ಪಲಿ, ಬ್ಯಾಗು, ಬುತ್ತಿ ಡಬ್ಬಿಗಳ ಸುತ್ತ ಹುಡುಗಿಯರು ಮೂರು ತಾಸು ಬಿಸಿಲಲ್ಲಿ ಕೂತರು. ಎಂಟನೆಯ ತರಗತಿಯ ಒಬ್ಬಳು ದೂರದ ಕಪ್ಪು ಗೆರೆಯನ್ನು ನೋಡುತ್ತಾ, "ಅಲ್ಲೇನೈತೆ ಮಿಸ್?" ಎಂದು ಕೇಳಿದಳು.

"ಏನಿಲ್ಲವ್ವಾ, ಬರೀ ಕಲ್ಲು" ಎಂದೆ.

ಇಪ್ಪತ್ತು ವರ್ಷದ ಮೇಲೆ ಆ ಕಲ್ಲಿನ ಮೇಲೆ ನಿಂತಾಗ ನನಗೆ ಕಣ್ಣು ತುಂಬಿ ಬಂತು. ಯಾರೋ ಉಳಿ ಹಿಡಿದು ಕಡೆದು ಜೋಡಿಸಿಟ್ಟಂಥ ಕಂಬಗಳು. ಹೆಚ್ಚಿನವಕ್ಕೆ ಐದೋ ಆರೋ ಮುಖ. ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ನಮ್ಮ ನೆಲದಿಂದ ಬೇರ್ಪಡುತ್ತಿದ್ದ ಕಾಲಕ್ಕೆ, ಉಕ್ಕಿದ ಲಾವಾ ಆರುತ್ತಾ ಕುಗ್ಗಿ ಹೀಗೆ ಸೀಳಿಕೊಂಡಿತು. ಅದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಗೊಂಡ್ವಾನ ಒಡೆದು ಖಂಡಗಳು ಸರಿದ ಪಾಠವನ್ನು ನಾನು ಎಷ್ಟು ವರ್ಷ ಬೋರ್ಡಿನ ಮೇಲೆ ಚಿತ್ರ ಬರೆದು ಮಾಡಿದ್ದೇನೆ! ಪಾಠ ಎದುರಿಗೇ ನಿಂತಿದ್ದಾಗ ಮಾತ್ರ "ಬರೀ ಕಲ್ಲು" ಎಂದುಬಿಟ್ಟೆ. ನನಗೆ ಗೊತ್ತಿರಲಿಲ್ಲ ಎಂಬುದು ಸಮಾಧಾನವಲ್ಲ. ಗೊತ್ತುಮಾಡಿಕೊಳ್ಳುವ ಆಸೆಯನ್ನೇ ನನಗೆ ಯಾರೂ ಕಲಿಸಿರಲಿಲ್ಲ, ನಾನೂ ಆ ಮಕ್ಕಳಿಗೆ ಕಲಿಸಲಿಲ್ಲ.

ನೇತ್ರಾಣಿಯ ದಾರಿ ಉದ್ದ. ಮುರುಡೇಶ್ವರದಿಂದ ಸುಮಾರು 19 ಕಿಲೋಮೀಟರ್. ನಮ್ಮ ಮನೆಯವರು ನಿಂಬೆಹಣ್ಣು ಮೂಸುತ್ತಾ ಕಣ್ಣು ಮುಚ್ಚಿ ಕೂತಿದ್ದರು (ದಡ ಸೇರಿದ ಮೇಲೆ ಎಲ್ಲರಿಗೂ ಸಮುದ್ರದ ವರ್ಣನೆ ಮಾಡಿದವರು ಅವರೇ, ಇರಲಿ). ಅರ್ಧ ದಾರಿಯಲ್ಲಿ ಡಾಲ್ಫಿನ್‌ಗಳು ಕಂಡವು. ಕೂಡಲೇ ದೋಣಿಯಲ್ಲಿದ್ದ ಹುಡುಗರು ಸಿಳ್ಳೆ ಹೊಡೆದು, "ಹತ್ರ ಹೋಗಣ್ಣ, ಬೆನ್ನು ಹತ್ತಣ್ಣ, ಡಬಲ್ ದುಡ್ಡು ಕೊಡ್ತೀವಿ" ಎಂದು ಕೂಗಾಡತೊಡಗಿದರು. ದೋಣಿಯ ಮುದುಕ ಇಂಜಿನ್ ನಿಲ್ಲಿಸಿಬಿಟ್ಟ. "ನಮ್ಮಪ್ಪನ ಕಾಲದಲ್ಲಿ ಹಾಯಿ ದೋಣಿ. ಸದ್ದೇ ಇರಲಿಲ್ಲ, ಇವು ಪಕ್ಕದಲ್ಲೇ ಬರ್ತಿದ್ದವು. ಅಟ್ಟಿಸಿಕೊಂಡು ಹೋದ್ರೆ ಓಡ್ತವೆ, ಸುಮ್ಮನಿದ್ರೆ ಅವೇ ಬರ್ತವೆ" ಎಂದ. ಹಾಗೇ ಆಯಿತು. ಸ್ವಲ್ಪ ಹೊತ್ತಿಗೆ ಒಂದು ತಾಯಿ, ಅದರ ಪಕ್ಕೆಗೆ ಅಂಟಿಕೊಂಡ ಮರಿ, ದೋಣಿಯಿಂದ ನಾಲ್ಕು ಮಾರು ದೂರದಲ್ಲಿ ಎದ್ದು 'ಫುಸ್' ಎಂದು ಉಸಿರುಬಿಟ್ಟವು. ಅವು ಮೀನಲ್ಲ, ನಮ್ಮ ಹಾಗೇ ಮೊಲೆಯುಣಿಸುವ ಜೀವಿಗಳು. ಸದ್ದಿನಿಂದಲೇ ದಾರಿ, ಆಹಾರ, ಮರಿ ಎಲ್ಲವನ್ನೂ ಗುರುತಿಸುವ ಅವಕ್ಕೆ ನಮ್ಮ ಇಂಜಿನ್ನಿನ ಅಬ್ಬರ ಹೇಗಿರಬೇಡ! 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಪಟ್ಟಿಯಲ್ಲಿ ಹುಲಿಗೆ ಇರುವ ಜಾಗವೇ ಡಾಲ್ಫಿನ್ನಿಗೂ ಕಡಲಾಮೆಗೂ ಇದೆ. ಹುಲಿಯ ಬೆನ್ನು ಹತ್ತಲು ಯಾರೂ ಡಬಲ್ ದುಡ್ಡು ಕೊಡುವುದಿಲ್ಲ ಎಂಬುದಷ್ಟೇ ವ್ಯತ್ಯಾಸ.

ದ್ವೀಪದ ಹತ್ತಿರ ನಾನೂ ಲೈಫ್ ಜಾಕೆಟ್ ತೊಟ್ಟು, ಕಣ್ಣಿಗೆ ಗಾಜಿನ ಮುಖವಾಡ ಕಟ್ಟಿಕೊಂಡು, ಏಣಿ ಹಿಡಿದುಕೊಂಡೇ ನೀರಿಗಿಳಿದು ಮುಖ ಮುಳುಗಿಸಿದೆ. ಕೆಳಗೆ ಹವಳ. ಅದನ್ನು ಕೆರೆಯುತ್ತಿದ್ದ ಗಿಳಿಮೀನುಗಳು. ಅವು ಹವಳ ಅಗಿದು ಹೊರಹಾಕಿದ ಪುಡಿ ಮರಳಾಗುತ್ತದೆಯಂತೆ. ಇನ್ನೊಂದು ಸ್ವಾರಸ್ಯ ಕೇಳಿ: ಅವುಗಳಲ್ಲಿ ಅನೇಕ ಜಾತಿಯವು ಹೆಣ್ಣಾಗಿದ್ದು ಮುಂದೆ ಗಂಡಾಗುತ್ತವೆ. ಇದನ್ನು ನಮ್ಮ ಸ್ಟಾಫ್ ರೂಮಿನಲ್ಲಿ ಹೇಳಿದಾಗ ಮೇಷ್ಟ್ರೊಬ್ಬರು, "ಹಾಗಾದರೆ ಪ್ರಮೋಷನ್ ಅನ್ನಿ" ಎಂದರು. ನೀವೇ ನೋಡಿ.

ಅದೇ ವರ್ಷ ಡಿಸೆಂಬರ್ 10ರಂದು ಅದೇ ಮುರುಡೇಶ್ವರದ ಕಡಲಲ್ಲಿ ಕೋಲಾರ ಜಿಲ್ಲೆಯ ವಸತಿ ಶಾಲೆಯೊಂದರ ನಾಲ್ವರು ಹೆಣ್ಣುಮಕ್ಕಳು ಪ್ರವಾಸಕ್ಕೆ ಬಂದವರು ಮುಳುಗಿ ತೀರಿಕೊಂಡರು. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಬೆಳಿಗ್ಗೆ ಅದೇ ಹಿರಿಯರು, "ನೋಡಿದ್ರಾ ಟೀಚರ್?" ಎಂದರು. ನೋಡಿದೆ. ಮಕ್ಕಳನ್ನು ಕಳೆದುಕೊಂಡ ಆ ತಾಯಂದಿರ ಮುಂದೆ ನನ್ನ ವಾದವೆಲ್ಲ ಸಣ್ಣದು. ಯಾರ ತಪ್ಪು ಎಂದು ಹೇಳಲು ನಾನು ಯಾರೂ ಅಲ್ಲ. ಆದರೆ ಇದರಿಂದ ನಾವು ಕಲಿಯುವುದು "ಹೆಣ್ಣುಮಕ್ಕಳನ್ನು ನೀರಿನ ಹತ್ತಿರ ಬಿಡಬೇಡಿ" ಎಂಬುದಾದರೆ, ನೀರಿನ ಹತ್ತಿರ ಹೋದ ಮುಂದಿನ ಹುಡುಗಿಯೂ ಮುಳುಗುತ್ತಾಳೆ. ಯಾಕೆಂದರೆ ಅವಳಿಗೂ ಈಜು ಬರುವುದಿಲ್ಲ, ಅಲೆ ಹೇಗೆ ಕಾಲ ಕೆಳಗಿನ ಮರಳನ್ನು ಎಳೆಯುತ್ತದೆಂದು ಅವಳಿಗೂ ಯಾರೂ ಹೇಳಿರುವುದಿಲ್ಲ.

ನಮ್ಮೂರನ್ನೇ ನೋಡಿ. ಪಕ್ಕದಲ್ಲೇ ಸೂಳೆಕೆರೆ. ನಿಂತು ನೋಡಿದರೆ ಆಚೆ ದಡ ಮಸುಕಾಗಿ ಕಾಣುವಷ್ಟು ನೀರು. ಚಿತ್ರದುರ್ಗಕ್ಕೂ ಇಲ್ಲಿಂದ ಕುಡಿಯುವ ನೀರು ಹೋಗುತ್ತದೆ. ಗಂಡುಹುಡುಗರು ನಾಲೆಯಲ್ಲಿ, ಕೆರೆಯಲ್ಲಿ ಬಿದ್ದು ಎದ್ದು ಈಜು ಕಲಿಯುತ್ತಾರೆ. ಹುಡುಗಿಯರು ದಡದಲ್ಲಿ ಬಟ್ಟೆ ಒಗೆಯುತ್ತಾರೆ. ಈ ಕೆರೆ ಕಟ್ಟಿಸಿದವಳು ಶಾಂತವ್ವ ಎಂಬ ರಾಜಕುಮಾರಿ ಎನ್ನುತ್ತಾರೆ. ಹೆತ್ತ ತಂದೆಯೇ ಅವಳನ್ನು ಸೂಳೆ ಎಂದು ಜರೆದನಂತೆ, ಕೆರೆಗೆ ಆ ಬೈಗುಳವೇ ಹೆಸರಾಗಿ ಉಳಿಯಿತಂತೆ. ಶಾಂತಿಸಾಗರ ಎಂದು ಬೋರ್ಡು ಬರೆಸಿದ್ದಾರೆ, ಬಸ್ಸಿನಲ್ಲಿ ಜನ ಹೇಳುವುದು ಹಳೆಯ ಹೆಸರನ್ನೇ. ಇಷ್ಟು ನೀರು ಕಟ್ಟಿದವಳ ಊರಿನಲ್ಲಿ ಈಜು ಬಲ್ಲ ಹೆಂಗಸೊಬ್ಬಳನ್ನು ನಾನಿನ್ನೂ ಹುಡುಕುತ್ತಿದ್ದೇನೆ.

"ಅದೆಲ್ಲ ಗಂಡಸರ ಕೆಲಸ, ಹೆಂಗಸರ ಮೈಗೆ ಸಮುದ್ರ ಆಗಿಬರುವುದಿಲ್ಲ" ಎನ್ನುವವರಿಗೆ ಒಂದು ಸುದ್ದಿ. 2017ರ ಸೆಪ್ಟೆಂಬರ್ 10ರಂದು ನಮ್ಮ ನೌಕಾಪಡೆಯ ಆರು ಜನ ಹೆಣ್ಣುಮಕ್ಕಳು ವರ್ತಿಕಾ ಜೋಶಿಯವರ ಮುಂದಾಳತ್ವದಲ್ಲಿ 'ತಾರಿಣಿ' ಎಂಬ ಹಾಯಿ ಹಡಗಿನಲ್ಲಿ ಗೋವಾದಿಂದ ಹೊರಟು, ಭೂಮಿಯನ್ನೇ ಸುತ್ತಿ, 2018ರ ಮೇ 21ರಂದು ಮರಳಿದರು. ಹಡಗಿನ ಉದ್ದ ಸುಮಾರು 17 ಮೀಟರ್, ನಮ್ಮ ಶಾಲೆಯ ಎರಡು ಕೊಠಡಿಯಷ್ಟು. 2024ರ ಅಕ್ಟೋಬರ್ 2ರಂದು ಅದೇ ತಾರಿಣಿಯಲ್ಲಿ ಬರೀ ಇಬ್ಬರು, ದಿಲ್ನಾ ಮತ್ತು ರೂಪಾ, ಹೊರಟು 2025ರ ಮೇ 29ಕ್ಕೆ ಬಂದು ಸೇರಿದರು. ಹಾಯಿ ಕಟ್ಟುವುದು, ಬಿಚ್ಚುವುದು, ಹರಿದರೆ ಹೊಲಿಯುವುದು, ಒಬ್ಬರು ಮಲಗಿದರೆ ಒಬ್ಬರು ಎಚ್ಚರ. ಈ ಕೆಲಸಗಳಲ್ಲಿ ಹೆಂಗಸರಿಗೆ ಹೊಸದು ಯಾವುದಿದೆ ಹೇಳಿ? ಜತೆಗೆ ನೀರು ಮಾತ್ರ ಹೊಸದು.

ಈ ಸಲದ ಪ್ರವಾಸದ ಸಭೆಯಲ್ಲಿ ಮತ್ತೆ ಅದೇ ಮಾತು ಬಂತು: ಗಂಡುಮಕ್ಕಳು ದೋಣಿಗೆ, ಹೆಣ್ಣುಮಕ್ಕಳು ದಡಕ್ಕೆ. ಹೋದರೆ ಎಲ್ಲರೂ, ಇಲ್ಲವೇ ಯಾರೂ ಬೇಡ ಎಂದೆ. ಎಲ್ಲರಿಗೂ ಲೈಫ್ ಜಾಕೆಟ್ ಸಿಗುವ ದೋಣಿಯನ್ನೇ ಹತ್ತೋಣ, ಕಾವಲಿನವರಿಲ್ಲದ ಕಡೆ ಯಾರೂ ನೀರಿಗಿಳಿಯುವುದು ಬೇಡ, ನೆಗೆಯುವ ಗಂಡುಹುಡುಗರ ಕಿವಿಯನ್ನೂ ನಾನೇ ಹಿಂಡುತ್ತೇನೆ ಎಂದೆ. "ಪೋಷಕರು ಒಪ್ಪಬೇಕಲ್ಲ ಮೇಡಂ" ಎಂದರು. ಸರಿ, ಪೋಷಕರನ್ನೇ ಕೇಳೋಣ ಎಂದು ಮನೆಮನೆಗೆ ಹೊರಟೆ.

ನಾಲ್ಕನೆಯ ಮನೆಯ ಬಾಗಿಲು ತೆರೆದವಳು 2004ರ ಆ ಹುಡುಗಿ. ನಮ್ಮೂರಿಗೇ ಸೊಸೆಯಾಗಿ ಬಂದಿದ್ದಾಳೆಂದು ನನಗೆ ಗೊತ್ತಿರಲಿಲ್ಲ. ಈಗ ಅವಳ ಮಗಳು ನನ್ನ ತರಗತಿಯಲ್ಲಿದ್ದಾಳೆ. ಚೀಟಿ ಕೈಗೆ ತೆಗೆದುಕೊಂಡು ಓದಿ, ನನ್ನ ಮುಖ ನೋಡಿ ಕೇಳಿದಳು:

"ಅಲ್ಲಿ ಬರೀ ಕಲ್ಲು ಅಂದಿದ್ರಲ್ಲ ಮಿಸ್?"

"ಸುಳ್ಳು ಹೇಳಿದ್ದೆ ಕಣವ್ವಾ" ಎಂದೆ.

ಅವಳು ಒಳಗೆ ಹೋಗಿ ಪೆನ್ನು ತಂದಳು.