ಎಷ್ಟು ಕುದುರೆ ಎಂದು ಕೇಳುವ ಮೊದಲು ಯಾವ ದೋಣಿ ಎಂದು ಕೇಳಿ

ಸಂಜೆ ಬಸ್ಸಿಗೆ ಕಾಯುತ್ತ ಮೀನು ಮಾರ್ಕೆಟ್ಟಿನ ಎದುರು ನಿಂತವರಿಗೆಲ್ಲ ಬಂಗುಡೆಯ ರೇಟು ಗೊತ್ತು. ಆ ಬಂಗುಡೆಯನ್ನು ದಡಕ್ಕೆ ತಂದ ಎಂಜಿನ್ನಿನ ಖರ್ಚು ಗೊತ್ತಿರುವುದಿಲ್ಲ. ಅದನ್ನು ಕಟ್ಟಿಕೊಂಡು ನಮಗೇನು ಎಂದು ಕೇಳಬಹುದು. ಆಗುವುದಿದೆ. ನಾಡದೋಣಿಯ ಎಂಜಿನ್ ಕುಡಿಯುವ ಒಂದೊಂದು ಲೀಟರ್ ಎಣ್ಣೆಯ ದುಡ್ಡು ಒಂದೋ ಮೀನು ಕೊಳ್ಳುವವನ ಜೇಬಿನಿಂದ ಹೋಗಬೇಕು, ಇಲ್ಲವೇ ಮೀನು ಹಿಡಿಯುವವನ ಮನೆಯಿಂದ ಹೋಗಬೇಕು. ಹೆಚ್ಚಿನ ದಿನ ಹೋಗುವುದು ಎರಡನೆಯವನ ಮನೆಯಿಂದಲೇ. ಅಲ್ಲಿ ಹೋದದ್ದು ದಿನಸಿ ಅಂಗಡಿಯ ಸಾಲದ ಪುಸ್ತಕದಲ್ಲಿ ಬಂದು ಕೂರುತ್ತದೆ ಎಂಬುದನ್ನು ಅಂಗಡಿಯವರಿಗೆ ಬೇರೆ ಹೇಳಬೇಕಾಗಿಲ್ಲ.

ಕರಾವಳಿಯ ನಾಡದೋಣಿಗಳಿಗೆ ಎಂಜಿನ್ ಬಂದದ್ದು ಹೊಸ ಕತೆಯಲ್ಲ. 1970ರ ದಶಕದ ನಡುವೆ ಪರ್ಸೀನ್ ಬೋಟುಗಳು ಇಳಿದು ರಂಪಣಿ ಮೂಲೆಗೆ ಬಿದ್ದ ಮೇಲೆ, ಹುಟ್ಟು ಹಾಕಿಕೊಂಡು ಮೀನು ಬೆನ್ನಟ್ಟುವುದು ಸಾಧ್ಯವಿಲ್ಲವೆಂದು ಬಡ ಮೀನುಗಾರನಿಗೂ ಅರ್ಥವಾಯಿತು. ಮುಂದಿನ ವರ್ಷಗಳಲ್ಲಿ ಗಂಗೊಳ್ಳಿ, ಮಲ್ಪೆ, ಭಟ್ಕಳ, ಹೊನ್ನಾವರ ಎಂದು ಎಲ್ಲ ಕಡೆ ದೋಣಿಯ ಹಿಂದೆ ಔಟ್‌ಬೋರ್ಡ್ ಎಂಜಿನ್ ನೇತಾಡಿತು. ಪೆಟ್ರೋಲಿನಲ್ಲಿ ಸ್ಟಾರ್ಟ್ ಮಾಡಿ, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ತಿರುಗಿಸಿ ಓಡಿಸುವ ಪದ್ಧತಿ ರೂಢಿಯಾಯಿತು. ಈಗ ಆ ಸೀಮೆಎಣ್ಣೆಯೇ ತಲೆನೋವು. ಪರ್ಮಿಟ್ಟಿನ ಎಣ್ಣೆ ಸರಿಯಾಗಿ ಸಿಗುವುದಿಲ್ಲವೆಂದು ಮೀನುಗಾರರು ಬೀದಿಗಿಳಿದದ್ದು ಒಂದೆರಡು ಸಲವಲ್ಲ. 2023ರ ರಾಜ್ಯ ಬಜೆಟ್ಟಿನಲ್ಲಿ ಸೀಮೆಎಣ್ಣೆ ಎಂಜಿನ್ ಬಿಟ್ಟು ಪೆಟ್ರೋಲ್ ಅಥವಾ ಡೀಸೆಲ್ ಎಂಜಿನ್ನಿಗೆ ಬದಲಾಗುವ ದೋಣಿಗೆ ತಲಾ 50 ಸಾವಿರ ರೂಪಾಯಿ ಸಹಾಯಧನದ ಘೋಷಣೆಯೂ ಆಯಿತು.

ಘೋಷಣೆ ಒಳ್ಳೆಯದೇ. ಆದರೆ ಯಾವ ಎಂಜಿನ್ ತಕೊಳ್ಳಬೇಕು ಎಂದು ಹೇಳುವವರು ಯಾರು? ಇಲ್ಲಿಯೇ ಎಡವಟ್ಟು.

ದೋಣಿಯವನು ಎಂಜಿನ್ ಅಂಗಡಿಗೆ ಹೋದರೆ ನಡೆಯುವ ಮಾತುಕತೆ ಹೀಗಿರುತ್ತದೆ. “9.9 ತಕೊಂಡ್ರೆ ಎಂತ ಆಗ್ತದೆ ಅಣ್ಣ? 25 ಎಚ್.ಪಿ. ತಕೊಳ್ಳಿ, ದೋಣಿ ಹಾರ್ತದೆ.” ಪಕ್ಕದ ಮನೆಯವನು 25 ಹಾಕಿದ್ದಾನೆ, ತನಗೇಕೆ ಕಡಿಮೆ ಎಂಬ ಹುಮ್ಮಸ್ಸು ಬೇರೆ. ಸೊಸೈಟಿಯಲ್ಲಿ ಸಾಲ, ಹೆಂಡತಿಯ ಕರಿಮಣಿ ಬ್ಯಾಂಕಿನಲ್ಲಿ ಅಡವು. ಎಂಜಿನ್ ಮನೆಗೆ ಬರುತ್ತದೆ. ದೋಣಿ ಮಾತ್ರ ಹಾರುವುದಿಲ್ಲ.

ಹಾರದೇ ಇರುವುದಕ್ಕೆ ಕಾರಣವಿದೆ. ಬಲೆ, ಮೀನು, ನಾಲ್ಕೈದು ಮಂದಿಯನ್ನು ಹೊತ್ತು ನೀರು ಸೀಳಿಕೊಂಡು ಹೋಗುವ ದೋಣಿಗೆ ಅದರ ಉದ್ದವೇ ಒಂದು ಮಿತಿ ಹಾಕಿದೆ. 25 ಅಡಿ ಉದ್ದದ ಭಾರದ ದೋಣಿ ಗಂಟೆಗೆ 12 ಕಿಲೋಮೀಟರಿನ ಆಸುಪಾಸು ಮುಟ್ಟಿದ ಮೇಲೆ, ತಾನೇ ಎಬ್ಬಿಸಿದ ಅಲೆಯನ್ನು ತಾನೇ ಹತ್ತಲಾರದೆ ಏದುಸಿರು ಬಿಡುತ್ತದೆ. ಅಲ್ಲಿಂದ ಮುಂದೆ ಎಷ್ಟು ಕುದುರೆ ಕಟ್ಟಿದರೂ ಏರುವುದು ಎಣ್ಣೆಯ ಖರ್ಚು, ವೇಗವಲ್ಲ. ತೆಳುವಾದ ಫೈಬರ್ ದೋಣಿ ಖಾಲಿ ಇದ್ದಾಗ ನೀರಿನ ಮೇಲೆ ಜಾರಬಹುದು, ಅದರ ಲೆಕ್ಕ ಬೇರೆ. ಆದರೆ ಬಲೆ ತುಂಬಿದ ದೋಣಿಗೆ ಆ ಲೆಕ್ಕ ಹಿಡಿದವನು ಮುಳುಗಿದ ಹಾಗೆಯೇ. ಹಾಗೆ ನೋಡಿದರೆ ಪೂರ್ತಿ ಜೋರಿನಿಂದ ಹತ್ತರಲ್ಲಿ ಒಂದು ಪಾಲು ವೇಗ ಇಳಿಸಿದರೆ, ಅಷ್ಟೇ ದೂರಕ್ಕೆ ಸುಮಾರು ಐದರಲ್ಲಿ ಒಂದು ಪಾಲು ಎಣ್ಣೆ ಉಳಿಯುತ್ತದೆ. ಇದಕ್ಕೆ ಸರ್ಕಾರದ ಸಬ್ಸಿಡಿ ಬೇಕಿಲ್ಲ.

ಇನ್ನು ಕಾನೂನಿನ ಮಾತು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಆ ಎರಡು ತಿಂಗಳು ಕಡಲಿಗಿಳಿಯಲು ಅವಕಾಶವಿರುವುದು ಹುಟ್ಟಿನ ದೋಣಿಗೆ ಮತ್ತು 10 ಅಶ್ವಶಕ್ತಿಯೊಳಗಿನ ಎಂಜಿನ್ನಿನ ನಾಡದೋಣಿಗೆ ಮಾತ್ರ. ದೊಡ್ಡ ಬೋಟುಗಳು ಬಂದರಿನಲ್ಲಿ ಕಟ್ಟಿಕೊಂಡಿರುವ ಆ ಹೊತ್ತಿನಲ್ಲೇ ನಾಡದೋಣಿಯ ಮೀನಿಗೆ ಬೆಲೆ, ವರ್ಷದ ಸಾಲ ತೀರಿಸುವ ದಾರಿ. 9.9 ಎಂಬ ವಿಚಿತ್ರ ಸಂಖ್ಯೆಯ ಎಂಜಿನ್ನಿಗೆ ನಮ್ಮಲ್ಲಿ ಇಷ್ಟು ಬೆಲೆ ಏಕೆ ಎಂಬುದಕ್ಕೆ ಉತ್ತರ ಇಲ್ಲಿದೆ. 25 ಎಚ್.ಪಿ. ಒಂದನ್ನೇ ಕಟ್ಟಿಕೊಂಡವನು ನಾಡದೋಣಿಯ ಸುಗ್ಗಿಯಲ್ಲಿ ಜಗಲಿಯಲ್ಲಿ ಕೂತು ಮಳೆ ನೋಡಬೇಕು.

ಟೂ ಸ್ಟ್ರೋಕೋ ಫೋರ್ ಸ್ಟ್ರೋಕೋ ಎಂಬ ಜಗಳವೂ ದಡದಲ್ಲಿ ಇದ್ದದ್ದೇ. ಟೂ ಸ್ಟ್ರೋಕ್ ಹಗುರ, ರಿಪೇರಿ ಸುಲಭ, ಮರಳಿನ ಮೇಲೆ ಕೂತು ಬಿಚ್ಚಿ ಜೋಡಿಸುವವರಿದ್ದಾರೆ. ಆದರೆ ಕುಡಿಯುವುದು ಜಾಸ್ತಿ, ಪೆಟ್ರೋಲಿಗೆ ಆಯಿಲ್ ಬೆರೆಸುವ ಖರ್ಚು ಬೇರೆ. ಫೋರ್ ಸ್ಟ್ರೋಕಿಗೆ ಬೆಲೆ ಹೆಚ್ಚು, ತೂಕ ಹೆಚ್ಚು, ಹೊತ್ತು ಹೊತ್ತಿಗೆ ಆಯಿಲ್ ಬದಲಿಸದಿದ್ದರೆ ಮುನಿಸಿಕೊಳ್ಳುತ್ತದೆ. ಆದರೆ ಕುಡಿಯುವುದು ಕಡಿಮೆ. ಲೆಕ್ಕ ಹಾಕಿ ನೋಡಿ. 10 ಎಚ್.ಪಿ.ಯ ಟೂ ಸ್ಟ್ರೋಕ್ ಪೂರ್ತಿ ಜೋರಿನಲ್ಲಿ ಗಂಟೆಗೆ ಸುಮಾರು 4ರಿಂದ 5 ಲೀಟರ್ ಎಳೆಯುತ್ತದೆ. ಫೋರ್ ಸ್ಟ್ರೋಕಿನಲ್ಲಿ ಗಂಟೆಗೆ ಒಂದೇ ಒಂದು ಲೀಟರ್ ಉಳಿಯಿತೆಂದು ಹಿಡಿಯಿರಿ. ದಿನಕ್ಕೆ 4 ಗಂಟೆ ಓಟ, ಲೀಟರಿಗೆ 100 ರೂಪಾಯಿ, ವರ್ಷದಲ್ಲಿ 150 ದಿನ ಕಡಲು ಎಂದರೂ 60 ಸಾವಿರ ರೂಪಾಯಿ. ಅಂಗಡಿಯಲ್ಲಿ ಅಗ್ಗವೆಂದು ಕಂಡ ಎಂಜಿನ್ ಎರಡು ವರ್ಷದಲ್ಲಿ ಎಷ್ಟು ದುಬಾರಿಯಾಯಿತು ಎಂದು ಯಾರು ಬೇಕಾದರೂ ಕೂಡಿಸಬಹುದು. ದಿನಕ್ಕೆ ಒಂದು ಗಂಟೆ ಹೊಳೆಯಲ್ಲಿ ಸುತ್ತುವವನಿಗೆ ಈ ಲೆಕ್ಕ ಅನ್ವಯಿಸದು. ಅವನಿಗೆ ಹಳೆಯ ಟೂ ಸ್ಟ್ರೋಕೇ ಸಾಕು.

ಕುದುರೆಯ ಚರ್ಚೆಯಲ್ಲಿ ಎಲ್ಲರೂ ಮರೆಯುವುದು ಎರಡು ಸಂಗತಿ. ಒಂದು, ಎಂಜಿನ್ನಿನ ಕಾಲಿನ ಉದ್ದ. ದೋಣಿಯ ಹಿಂಬದಿ ಹಲಗೆಯ ಎತ್ತರ 15 ಇಂಚಿನ ಆಸುಪಾಸಾದರೆ ಶಾರ್ಟ್ ಶಾಫ್ಟ್, 20 ಇಂಚಿನ ಆಸುಪಾಸಾದರೆ ಲಾಂಗ್ ಶಾಫ್ಟ್. ಫ್ಯಾನಿನ ಮೇಲಿರುವ ಅಗಲದ ತಗಡು ದೋಣಿಯ ತಳಕ್ಕೆ ಸಮನಾಗಿ, ಹೆಚ್ಚೆಂದರೆ ಒಂದಿಂಚು ಕೆಳಗೆ ಇರಬೇಕು. ಮೇಲಾದರೆ ಅಲೆ ಎತ್ತಿದಾಗ ಫ್ಯಾನು ಗಾಳಿ ಕಚ್ಚಿ ಸುಮ್ಮನೆ ಬೊಬ್ಬೆ ಹೊಡೆಯುತ್ತದೆ. ತೀರಾ ಕೆಳಗಾದರೆ ನೀರನ್ನು ಎಳೆದುಕೊಂಡು ಹೋಗುತ್ತದೆ. ಎರಡು, ಫ್ಯಾನು ಸ್ವತಃ. ಅದರ ಮೇಲೆ ಬರೆದ ಎರಡು ಅಂಕೆಗಳಲ್ಲಿ ಮೊದಲನೆಯದು ಅಗಲ, ಎರಡನೆಯದು ಪಿಚ್. ಭಾರ ಹೊರುವ ದೋಣಿಗೆ ಪಿಚ್ ಕಡಿಮೆಯಿರಬೇಕು. ಘಾಟಿ ಹತ್ತುವ ಬಸ್ಸಿಗೆ ಡ್ರೈವರ್ ಸಣ್ಣ ಗೇರ್ ಹಾಕುವ ಹಾಗೆ. ಬಲೆ ಹೇರಿಕೊಂಡು ಪೂರ್ತಿ ಜೋರು ಕೊಟ್ಟಾಗ ಕಂಪೆನಿಯ ಪುಸ್ತಕದಲ್ಲಿ ಹೇಳಿದಷ್ಟು ಸುತ್ತು ಎಂಜಿನ್ ಮುಟ್ಟದಿದ್ದರೆ ಫ್ಯಾನು ತಪ್ಪು, ಎಂಜಿನ್ ತಪ್ಪಲ್ಲ. ಕೆಲವು ಸಾವಿರದ ಫ್ಯಾನು ಬದಲಿಸುವ ಬದಲು ಲಕ್ಷದ ಎಂಜಿನ್ ಬದಲಿಸಿದವರು ನಮ್ಮ ದಡದಲ್ಲಿ ಇಲ್ಲವೇ?

ಇವೆಲ್ಲಕ್ಕಿಂತ ದೊಡ್ಡ ಪ್ರಶ್ನೆ ಪ್ರಾಣದ್ದು. ಮಳೆಗಾಲದಲ್ಲಿ ದೋಣಿಗೆ ಗಂಡಾಂತರವಿರುವುದು ನಡುಗಡಲಿನಲ್ಲಿ ಅಷ್ಟಲ್ಲ, ಅಳಿವೆ ಬಾಗಿಲಿನಲ್ಲಿ. ಹೊಳೆಯ ಸೆಳೆತ ಹೊರಕ್ಕೆ, ಕಡಲಿನ ಅಲೆ ಒಳಕ್ಕೆ, ಕೆಳಗೆ ಮರಳಿನ ದಿಬ್ಬ. ಅಲ್ಲಿ ಎಂಜಿನ್ ಅರ್ಧ ನಿಮಿಷ ನಿಂತರೆ ದೋಣಿ ಅಡ್ಡ ತಿರುಗುತ್ತದೆ, ಅಡ್ಡ ತಿರುಗಿದ ದೋಣಿ ಮಗುಚುತ್ತದೆ. ಆ ಹೊತ್ತಿಗೆ ಬೇಕಾದದ್ದು 25 ಕುದುರೆಯಲ್ಲ, ನಿಲ್ಲದೇ ಓಡುವ ಒಂದು ಎಂಜಿನ್. ಆದ್ದರಿಂದ ಬ್ರಾಂಡ್ ಯಾವುದೇ ಇರಲಿ, ಸ್ಪೇರ್ ಪಾರ್ಟು ಅದೇ ದಿನ ಸಿಗುವಂಥದ್ದು, ಕೈಯಿಟ್ಟು ಬಲ್ಲ ಮೆಕ್ಯಾನಿಕ್ ತಾಲೂಕಿನಲ್ಲೇ ಇರುವಂಥದ್ದು ತಕೊಳ್ಳುವವನೇ ಜಾಣ. ದೋಣಿಯಲ್ಲಿ ಎರಡು ಸ್ಪಾರ್ಕ್ ಪ್ಲಗ್ಗು, ಒಂದು ಜೊತೆ ಹುಟ್ಟು ಇರಲಿ. ದಡಕ್ಕೆ ಬಂದ ಮೇಲೆ ಸಿಹಿನೀರಿನಲ್ಲಿ ಐದು ನಿಮಿಷ ಓಡಿಸಿ ಉಪ್ಪು ತೊಳೆಯುವ ಅಭ್ಯಾಸವೂ ಇರಲಿ.

ದೋಣಿಯವನು ಇಷ್ಟೆಲ್ಲ ತಾನಾಗಿ ತಿಳಿದುಕೊಳ್ಳಲಿ ಎಂದರೆ ಇಲಾಖೆ ಇರುವುದೇಕೆ? ಸಹಾಯಧನದ ಅರ್ಜಿಗೆ ಹತ್ತು ಕಾಗದ ಕೇಳುವವರು, ದೋಣಿಯ ಉದ್ದವೆಷ್ಟು, ಹಲಗೆಯ ಎತ್ತರವೆಷ್ಟು, ಯಾವ ಬಲೆ ಎಂಬ ಮೂರು ಪ್ರಶ್ನೆ ಕೇಳಿದರೆ ಗಂಟೇನೂ ಹೋಗದು. ಮೀನುಗಾರಿಕೆ ಇಲಾಖೆ ಮತ್ತು ಸಹಕಾರ ಸಂಘಗಳು ಸೇರಿ ಪ್ರತಿ ಬಂದರಿನಲ್ಲಿ ಏಪ್ರಿಲ್-ಮೇ ತಿಂಗಳಲ್ಲಿ ಒಂದು ದಿನ ಎಂಜಿನ್ನುಗಳನ್ನು ನೀರಿಗಿಳಿಸಿ, ಬಲೆ ಹೇರಿದ ದೋಣಿಗೇ ಕಟ್ಟಿ, ಗಂಟೆಗೆ ಎಷ್ಟು ಎಣ್ಣೆ ಕುಡಿಯುತ್ತದೆಂದು ಎಲ್ಲರೆದುರು ಅಳೆದು ತೋರಿಸಲಿ. ಊರಿನ ಹುಡುಗರಿಗೆ ಫೋರ್ ಸ್ಟ್ರೋಕ್ ರಿಪೇರಿ ಕಲಿಸಲಿ. ದೊಡ್ಡ ಬೋಟುಗಳಿಗೆ ಮಾರಾಟ ತೆರಿಗೆಯಿಲ್ಲದ ಡೀಸೆಲ್ ಕೊಡುವ ಸರ್ಕಾರ, ಸೀಮೆಎಣ್ಣೆ ಬಿಟ್ಟು ಬಂದ ನಾಡದೋಣಿಯ ಪೆಟ್ರೋಲ್ ಕ್ಯಾನಿನ ಕಡೆಗೂ ಕಣ್ಣು ಹಾಯಿಸಲಿ.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದರು ಹಿರಿಯರು. ದೋಣಿ ಇದ್ದಷ್ಟೇ ಎಂಜಿನ್ ಎಂಬುದು ಅದೇ ಮಾತು. ಕುದುರೆಯ ಸಂಖ್ಯೆ ನೋಡಿ ಸಾಲ ಕೊಡುವ ಪದ್ಧತಿ ನಿಂತು, ದೋಣಿ ನೋಡಿ ಎಂಜಿನ್ ಕೊಡಿಸುವ ಪದ್ಧತಿ ಬಂದ ದಿನ ಅಡವಿಟ್ಟ ಕರಿಮಣಿ ಮನೆಗೆ ವಾಪಸು ಬಂದೀತು. ಸಂಬಂಧಪಟ್ಟವರು ಮಳೆ ಹಿಡಿಯುವ ಮೊದಲೇ ಎಚ್ಚತ್ತುಕೊಳ್ಳಲಿ.