ಬೋಳಲ್ಲ, ಬಯಲು

ಖಾನಾಪುರದ ಬೋಳು ಕಲ್ಲುಗುಡ್ಡಗಳಲ್ಲಿ ಸರ್ಕಾರ ಮರ ಬೆಳೆಸಲಿ ಎಂಬುದು ಈಚೆಗೆ ಪ್ರಕಟವಾದ ಲೇಖನದ ವಾದ. ಲೇಖಕರು ಅಲ್ಲಿಗೆ ಹೋದದ್ದು ಬಹುಶಃ ಬೇಸಿಗೆಯಲ್ಲಿ!

ಶ್ರಾವಣದಲ್ಲಿ ಬೆಳಗಾವಿಯಿಂದ ಜಾಂಬೋಟಿ ದಾಟಿ ಚೋರ್ಲಾ ದಾರಿ ಹಿಡಿಯಲಿ. ಜಂಬಿಟ್ಟಿಗೆ ಕಲ್ಲಿನ ಮೇಲೆ ಬೆರಳುದ್ದ ಮಣ್ಣಿಲ್ಲ. ಅಲ್ಲೇ ಹುಲ್ಲಿನ ನಡುವೆ ನೇರಳೆ ಯುಟ್ರಿಕ್ಯುಲೇರಿಯಾ ಅರಳಿರುತ್ತದೆ. ಬೇರಿಲ್ಲದ ಈ ಗಿಡ ಕಾಳಿಗಿಂತ ಸಣ್ಣ ಚೀಲಗಳಲ್ಲಿ ನೀರುಹುಳು ಹಿಡಿದು ಹೊಟ್ಟೆ ಹೊರೆಯುತ್ತದೆ. ಅಕೇಶಿಯಾದ ನೆರಳು ಬಿದ್ದರೆ ಮೊದಲು ಅಳಿಯುವುದು ಇಂಥದ್ದೇ.

ಹಾಗೆಂದು ಕೈಕಟ್ಟಿ ಕೂರಬೇಕಿಲ್ಲ. ಪೊದೆ ಸವರಬೇಕು, ಬೆಂಕಿ ಕಾಯಬೇಕು, ದನ ಹದವಾಗಿ ಮೇಯಬೇಕು. ಇಂಗ್ಲೆಂಡಿನಲ್ಲಿ 1979ರಲ್ಲಿ ಅಳಿದ ‘ಲಾರ್ಜ್ ಬ್ಲೂ’ ಚಿಟ್ಟೆ ಮತ್ತೆ ನೆಲೆಯೂರಿದ್ದು ಹುಲ್ಲು ಮೇಯಿಸಿ ಗಿಡ್ಡವಾಗಿಟ್ಟ ಜಾಗಗಳಲ್ಲಿ.

ಇದೇ ಖಾನಾಪುರದ ಭೀಮಗಡದ ಕಾಡಿಗೆ 2011ರಲ್ಲಿ ವನ್ಯಜೀವಿಧಾಮದ ಪಟ್ಟ ಸಿಕ್ಕಿತು. ಕುರುಚಲು ಬಯಲು ಮಾತ್ರ ಕೇಂದ್ರದ ವೇಸ್ಟ್‌ಲ್ಯಾಂಡ್ ಅಟ್ಲಾಸ್‌ನಲ್ಲಿ ಬಂಜರು ಲೆಕ್ಕ.