ವಸಾಯಿ ಕೋಟೆ: ನೆರೆಯಲ್ಲಿದ್ದೂ ಕಾಣದ ಇತಿಹಾಸ

ಮುಂಬಯಿಯ ಕನ್ನಡಿಗನಿಗೆ ರಜೆಯೆಂದರೆ ಊರು. ವರ್ಷವಿಡೀ ಕೂಡಿಟ್ಟ ರಜೆ ಮದುವೆ, ಮುಂಜಿ, ಜಾತ್ರೆಗಳಲ್ಲಿ ಕರಗುತ್ತದೆ. ಪ್ರವಾಸ ಭತ್ಯೆ ದೊರೆತವನು ಕಾಶ್ಮೀರಕ್ಕೋ ಕನ್ಯಾಕುಮಾರಿಗೋ ಹೋಗಿಬರುತ್ತಾನೆ. ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಚರ್ಚ್‌ಗೇಟಿನಿಂದ ಸುಮಾರು ಐವತ್ತು ಕಿಲೋಮೀಟರು ದೂರದ ವಸಾಯಿ ಕೋಟೆಯನ್ನು, ಇಲ್ಲಿಯೇ ಮೂವತ್ತು ವರ್ಷ ದುಡಿದು ನಿವೃತ್ತರಾದವರಲ್ಲಿಯೂ ಅನೇಕರು ನೋಡಿಲ್ಲವೆಂಬುದು ವಿಷಾದದ ಸಂಗತಿ.

1534ರ ಒಪ್ಪಂದದಂತೆ ಗುಜರಾತಿನ ಸುಲ್ತಾನ ಬಹಾದುರ್ ಷಾ ವಸಾಯಿಯನ್ನು ಪೋರ್ಚುಗೀಸರಿಗೆ ಬಿಟ್ಟುಕೊಟ್ಟನು. ಮುಂದಿನ ಎರಡು ಶತಮಾನ ಅದು ಅವರ ಉತ್ತರ ಪ್ರಾಂತದ ಮುಖ್ಯಪಟ್ಟಣವಾಗಿತ್ತು. ಆಗ ಮುಂಬಯಿ ಅದರ ನೆರೆಯ ಸಣ್ಣ ದ್ವೀಪಗಳ ಗುಂಪು ಮಾತ್ರ. 1661ರ ವಿವಾಹ ಒಪ್ಪಂದದಲ್ಲಿ ಅದು ಇಂಗ್ಲೆಂಡಿನ ದೊರೆಗೆ ಬಳುವಳಿಯಾಗಿ ಸಂದಿತು. 1739ರಲ್ಲಿ ದೀರ್ಘ ಮುತ್ತಿಗೆಯ ನಂತರ ಚಿಮಾಜಿ ಅಪ್ಪಾ ವಸಾಯಿಯನ್ನು ಗೆದ್ದನು.

ಕನ್ನಡಿಗನು ಗಮನಿಸಬೇಕಾದ ಘಟನೆ ನಡೆದುದು 1802ರ ಡಿಸೆಂಬರ್ 31ರಂದು. ಹೋಳ್ಕರನಿಗೆ ಸೋತು ಓಡಿಬಂದ ಎರಡನೆಯ ಬಾಜೀರಾಯನು ಇದೇ ವಸಾಯಿಯಲ್ಲಿ ಇಂಗ್ಲಿಷರ ಸೇನಾರಕ್ಷಣೆಯನ್ನು ಒಪ್ಪಿಕೊಂಡನು. ಅದರ ವೆಚ್ಚಕ್ಕಾಗಿ 26 ಲಕ್ಷ ರೂಪಾಯಿ ವರಮಾನದ ಪ್ರದೇಶವನ್ನು ಬಿಟ್ಟುಕೊಟ್ಟನು. ಸ್ವಾತಂತ್ರ್ಯವನ್ನು ಅಡವಿಟ್ಟ ಆ ಪೇಶ್ವೆಗೆ ಅದನ್ನು ಬಿಡಿಸಿಕೊಳ್ಳಲಾಗಲಿಲ್ಲ. 1818ರಲ್ಲಿ ಪೇಶ್ವೆಯ ಆಳ್ವಿಕೆ ಕೊನೆಗೊಂಡಿತು. ಧಾರವಾಡ ಸೀಮೆ ಇಂಗ್ಲಿಷರ ವಶವಾಗಿ, ಬಳಿಕ ಮುಂಬಯಿ ಪ್ರಾಂತಕ್ಕೆ ಸೇರಿ, 1956ರವರೆಗೆ ಮುಂಬಯಿಯ ಆಡಳಿತದಲ್ಲಿಯೇ ಉಳಿಯಿತು. ಆ ಸೀಮೆಯ ತರುಣರು ಓದಿಗೂ ನೌಕರಿಗೂ ಮುಂಬಯಿಯತ್ತ ಮುಖ ಮಾಡಿದುದಕ್ಕೆ ಇದೂ ಒಂದು ಕಾರಣ. ಅವರ ಮೊಮ್ಮಕ್ಕಳಿಗೆ ವಸಾಯಿ ಕೋಟೆ ಪರಕೀಯರ ಪಾಳುಮನೆಯಲ್ಲ.

ಇಂದು ಅಲ್ಲಿ ಭೂಬಾಗಿಲು, ಕಡಲಬಾಗಿಲು, ಮಾಡು ಕುಸಿದ ಇಗರ್ಜಿಗಳು, ಬೇರು ಹೊಕ್ಕ ಗೋಡೆಗಳು ಉಳಿದಿವೆ. ಸಮೀಪದಲ್ಲಿಯೇ ಗಾಳಿಮರಗಳ ಸಾಲಿನ ಸುರುಚಿ ಕಡಲತೀರವಿದೆ. ದಿನವಿಡೀ ಕುರ್ಚಿಯಲ್ಲಿ ಕುಳಿತು, ಲೋಕಲ್ ಗಾಡಿಯಲ್ಲಿ ನಿಂತು ದಣಿದ ದೇಹಕ್ಕೆ ಕೋಟೆಯೊಳಗಿನ ಎರಡು ಗಂಟೆಯ ನಡಿಗೆ ಒಳ್ಳೆಯ ವ್ಯಾಯಾಮ. ಬಿಸಿಲು ಏರುವ ಮುನ್ನವೇ ತಲುಪುವುದು ಲೇಸು. ಕುಡಿಯುವ ನೀರನ್ನು ಕೊಂಡೊಯ್ಯಬೇಕು. ಭರತದ ವೇಳೆಯಲ್ಲಿಯೂ ಮಳೆಗಾಲದಲ್ಲಿಯೂ ಸಮುದ್ರಸ್ನಾನದ ಸಾಹಸ ಸಲ್ಲದು.

ಬದುಕನ್ನು ಕೊಟ್ಟ ನಗರವನ್ನು ಕೇವಲ ಸಂಬಳದ ಊರೆಂದು ಕಾಣುವವನ ಮಕ್ಕಳು ತಂದೆಯ ಊರಿಗೂ ಸಲ್ಲದೆ, ಹುಟ್ಟಿದ ಊರನ್ನೂ ಅರಿಯದೆ ಬೆಳೆಯುವ ಭಯವಿದೆ. ಕನ್ನಡ ಸಂಘಗಳು ವರ್ಷಕ್ಕೊಮ್ಮೆ ಮಕ್ಕಳನ್ನು ವಸಾಯಿಗೆ ಕರೆದೊಯ್ದು, ಈ ಕಥೆಯನ್ನು ಕನ್ನಡದಲ್ಲಿಯೇ ಹೇಳಲಿ. ಅದಕ್ಕೆ ತಗಲುವ ವೆಚ್ಚ ಅಲ್ಪ. ಒಂದು ರೈಲು ಟಿಕೇಟು, ಒಂದು ಬುತ್ತಿ, ಒಂದು ಭಾನುವಾರ.